ಬಾದಾಮಿಯ ಕೆರೆ, ಬಾಗಲಕೋಟೆಯ ಹಿನ್ನೀರು

ಬಾದಾಮಿಗೆ ಬಂದವರು ಅಗಸ್ತ್ಯತೀರ್ಥವನ್ನು ನೋಡುವ ಕ್ರಮ ಬಹುಮಟ್ಟಿಗೆ ಒಂದೇ. ಗುಹೆಗಳ ಮೆಟ್ಟಿಲು ಹತ್ತುತ್ತ ನಡುವೆ ನಿಂತು ಕೆಳಗಿನ ಹಸಿರು ನೀರನ್ನೂ ಆಚೆ ದಡದ ಭೂತನಾಥ ದೇವಾಲಯವನ್ನೂ ಒಮ್ಮೆ ದಿಟ್ಟಿಸಿ, ಚಿತ್ರ ತೆಗೆದುಕೊಂಡು ಮುಂದೆ ಸಾಗುತ್ತಾರೆ. ಪ್ರವಾಸ ಕಥನಗಳಲ್ಲಿಯೂ ಈ ಕೆರೆಗೆ ಸಿಕ್ಕಿರುವುದು ಹಿನ್ನೆಲೆಯ ಸ್ಥಾನವೇ. ವಾಸ್ತವದಲ್ಲಿ ಬಾದಾಮಿ ಎಂಬ ಊರಿಗೆ ಕೆರೆಯೇ ಕಾರಣ. ತೆಂಕಣ ಬೆಟ್ಟದಲ್ಲಿ ಗುಹೆಗಳು, ಬಡಗಣ ಬೆಟ್ಟದಲ್ಲಿ ಕೋಟೆ ಮತ್ತು ಶಿವಾಲಯಗಳು; ಎರಡರ ನಡುವಿನ ಕಣಿವೆಯಲ್ಲಿ ಇಳಿದು ಬರುವ ಮಳೆನೀರನ್ನು ಪಡುವಣದಲ್ಲಿ ಏರಿ ಕಟ್ಟಿ ನಿಲ್ಲಿಸಿರುವುದರಿಂದ ಆ ಏರಿಯ ಕೆಳಗೆ ಊರು ಬಾಳಿತು. ಕೆರೆಯ ಸೋಪಾನಗಳಲ್ಲಿ ಇಂದಿಗೂ ಹೆಂಗಸರು ಬಟ್ಟೆ ಒಗೆಯುವುದನ್ನು ಕಂಡು ಸ್ಮಾರಕದ ಅಂದ ಕೆಡುತ್ತಿದೆಯೆಂದು ಮೂಗು ಮುರಿಯುವವರಿದ್ದಾರೆ. ಆ ಊರಿನಲ್ಲಿ ಕಡಿಯದೆ ಉಳಿದು ಬಂದಿರುವ ಅತ್ಯಂತ ಹಳೆಯ ಬಳಕೆ ಬಹುಶಃ ಅದೊಂದೇ ಎಂಬುದು ಅವರಿಗೆ ಹೊಳೆಯುವುದಿಲ್ಲ.

ಈ ಕೆರೆಯ ಸುತ್ತ ಬರಹಗಳ ಒಂದು ಬಳಸುಗೋಡೆಯೇ ಇದೆ. ಒಂದನೆಯ ಪುಲಕೇಶಿ ಕೋಟೆ ಕಟ್ಟಿಸಿದ ಸಂಗತಿಯನ್ನು ಹೇಳುವ ಬಂಡೆಶಾಸನ ಶಕ 465ರದು, ಅಂದರೆ ಕ್ರಿ.ಶ. 543. ಮೂರನೆಯ ಗುಹೆಯಲ್ಲಿ ಮಂಗಲೇಶನ ಸಂಸ್ಕೃತ ಶಾಸನ 578ರಷ್ಟು ಹಿಂದಿನದು. ಅದೇ ಗುಹೆಯ ಬಳಿ ಅವನದೇ ಪುಟ್ಟ ಕನ್ನಡ ಶಾಸನವೊಂದಿದ್ದು, ಅದರಲ್ಲಿ ಗುಹಾಲಯವನ್ನು ‘ಕಲ್ಮನೆ’ ಎಂದು ಕರೆಯಲಾಗಿದೆ. ಸಂಸ್ಕೃತ ಶಾಸನ ಮಹಾವಿಷ್ಣುಗೃಹದ ವೈಭವವನ್ನು ವರ್ಣಿಸಿದರೆ ಕನ್ನಡವು ಅದನ್ನು ಕಲ್ಲಿನ ಮನೆಯೆಂದು ಸರಳವಾಗಿ ಕರೆದು, ಅದಕ್ಕೆ ಬಿಟ್ಟ ಊರನ್ನೂ ಹೂಮಾಲೆಯವರ ಪಾಲನ್ನೂ ನಮೂದಿಸುತ್ತದೆ. ಎರಡು ಭಾಷೆಗಳು ಒಂದೇ ಬಂಡೆಯ ಮೇಲೆ ಕೆಲಸ ಹಂಚಿಕೊಂಡ ಬಗೆಯನ್ನು ಬಲ್ಲವರು ಈ ಒಂದು ಪದದ ಮೇಲೆ ಬಹಳ ಹೊತ್ತು ನಿಲ್ಲಬೇಕಾಗುತ್ತದೆ. ಕೆರೆಯ ಬಡಗಣ ದಿಕ್ಕಿನ ತಟ್ಟುಕೋಟೆಯ ಬಳಿ ಸುಮಾರು 700ರ ಕಪ್ಪೆ ಅರಭಟ್ಟನ ಶಾಸನವಿದೆ. ಅದರ ಮೂರು ಪದ್ಯಗಳು ತ್ರಿಪದಿಯಲ್ಲಿವೆ. ಕನ್ನಡದ ಅತಿ ಪ್ರಾಚೀನ ತ್ರಿಪದಿ ದೊರೆಯುವುದು ಅರಮನೆಯ ಪ್ರಶಸ್ತಿಯಲ್ಲಿ ಅಲ್ಲ. ರಾಜನಲ್ಲದ, ವಂಶಾವಳಿಯೂ ತಿಳಿಯದ ಒಬ್ಬ ವೀರನನ್ನು ಕುರಿತ ಬರಹದಲ್ಲಿ.

ನಾಲ್ಕನೆಯ ಗುಹೆ ಎಲ್ಲಕ್ಕಿಂತ ಎತ್ತರದಲ್ಲಿದೆ. ಉಳಿದ ಮೂರಕ್ಕಿಂತ ಕಿರಿದಾದ ಈ ಜಿನಾಲಯವನ್ನು ತಲಪುವ ವೇಳೆಗೆ ಸಂದರ್ಶಕರು ದಣಿದಿರುತ್ತಾರೆ. ಹೀಗಾಗಿ ತೀರ್ಥಂಕರರಿಗೆ ಬೆನ್ನು ಮಾಡಿ ಕೆರೆಯತ್ತ ತಿರುಗಿ ನಿಲ್ಲುವುದೇ ವಾಡಿಕೆಯಾಗಿದೆ. ಒಳಗಿರುವ ಪಾರ್ಶ್ವನಾಥನ ಹೆಡೆ, ಬಳ್ಳಿ ಸುತ್ತಿದ ಬಾಹುಬಲಿ ಇವೆರಡೂ ಕರ್ನಾಟಕದ ಜೈನ ಶಿಲ್ಪದ ಆದ್ಯ ಮಾದರಿಗಳಲ್ಲಿ ಸೇರುತ್ತವೆ. 981ರ ಸುಮಾರಿಗೆ ಶ್ರವಣಬೆಳಗೊಳದಲ್ಲಿ ಗೊಮ್ಮಟ ಎದ್ದು ನಿಲ್ಲುವುದಕ್ಕೆ ಶತಮಾನಗಳ ಮೊದಲೇ ಇಲ್ಲಿ ಬಾಹುಬಲಿಯ ಕಾಲಿಗೆ ಬಳ್ಳಿ ಹಬ್ಬಿತ್ತು. ಇದೇ ಗುಹೆಯಲ್ಲಿ ಹನ್ನೆರಡನೆಯ ಶತಮಾನದ ಒಂದು ಕನ್ನಡ ಬರಹವಿದ್ದು, ಜಕ್ಕವ್ವೆ ಎಂಬಾಕೆಯ ಮರಣವನ್ನು ದಾಖಲಿಸಿದೆ. ಚಾಲುಕ್ಯರ ರಾಜಧಾನಿ ಅಳಿದು ನಾಲ್ಕು ನೂರು ವರ್ಷಗಳ ಮೇಲೂ ಕೆರೆಯ ಮೇಲಿನ ಈ ಕಲ್ಮನೆಯನ್ನು ಯಾರೋ ತಮ್ಮದೆಂದು ಭಾವಿಸಿದ್ದರು. ಒಬ್ಬ ಹೆಂಗಸಿನ ಹೆಸರು ಉಳಿಯಬೇಕೆಂದು ಬಯಸಿದ್ದರು. ಅರಸರ ಬಿರುದುಗಳಿಗಿಂತ ಇಂಥ ಒಂದು ಸಾಲು ಸಾಹಿತ್ಯಾಭ್ಯಾಸಿಗೆ ಹೆಚ್ಚು ಬೆಲೆಯುಳ್ಳದ್ದು.

ಬಾದಾಮಿಯಿಂದ ಸುಮಾರು ಒಂದು ಗಂಟೆಯ ಹಾದಿಯಲ್ಲಿ ಇನ್ನೊಂದು ನೀರಿದೆ. ಅದರ ದಡದಲ್ಲಿಯೂ ಒಂದು ಚಾರಿತ್ರಿಕ ಊರಿದೆ. ಪ್ರವಾಸಿಗರ ಸಾಮಾನ್ಯ ದಾರಿ ಬಾದಾಮಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ ಎಂದು ಸಾಗಿ ಇಳಕಲ್ಲಿನಲ್ಲಿ ಒಂದು ಸೀರೆ ಕೊಳ್ಳುವುದರೊಂದಿಗೆ ಮುಗಿಯುತ್ತದೆ. ಬಾಗಲಕೋಟೆ ಬಸ್ಸು ಬದಲಿಸುವ ಊರು ಮಾತ್ರ. ಶಾಸನಗಳ ಬಾಗಡಿಗೆಯೇ ಇಂದಿನ ಬಾಗಲಕೋಟೆ. 1997ರಲ್ಲಿ ಅದು ಜಿಲ್ಲಾ ಕೇಂದ್ರವಾಯಿತು. ಆ ಹೊತ್ತಿಗೆ ಅದರ ಹಳೆಯ ಭಾಗ ಘಟಪ್ರಭೆಯ ಹಿನ್ನೀರಿಗೆ ಮೈಯೊಡ್ಡಲು ಸಿದ್ಧವಾಗುತ್ತಿತ್ತು. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದ ಆಲಮಟ್ಟಿ ಅಣೆಕಟ್ಟೆಯಲ್ಲಿ 519.6 ಮೀಟರ್‌ವರೆಗೆ ನೀರು ನಿಲ್ಲತೊಡಗಿದಾಗ ಊರಿನ ತಗ್ಗಿನ ಓಣಿಗಳು ನೀರಿನ ಪಾಲಾದವು. ಎತ್ತರದ ಬಯಲಿನಲ್ಲಿ ನವನಗರ ಎದ್ದಿತು. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯ ಅವರು ಅದಕ್ಕೆ ವಿನ್ಯಾಸ ರೂಪಿಸಿದ್ದರು. ಪತ್ರಿಕೆಗಳು ಬಾಗಲಕೋಟೆಯನ್ನು ‘ಮುಳುಗಡೆ ನಗರಿ’ ಎಂದು ಕರೆಯುವುದು ಈಗ ಎಷ್ಟು ರೂಢಿಯಾಗಿದೆಯೆಂದರೆ ಆ ಮಾತಿನೊಳಗಿನ ನೋವು ಕಿವಿಗೆ ಬೀಳುವುದೇ ಇಲ್ಲ.

ಹಳೆಯ ಊರು ಹೇಗಿತ್ತೆಂಬುದಕ್ಕೆ ಹೋಳಿ ಹಬ್ಬವೊಂದು ಸಾಕ್ಷಿ. ಕಿಲ್ಲಾ, ಹೊಸಪೇಟೆ, ಹಳಪೇಟೆ, ಜೈನಪೇಟೆ, ವೆಂಕಟಪೇಟೆ ಎಂಬ ಐದು ಪೇಟೆಗಳ ಹೆಸರಿನಲ್ಲಿಯೇ ಅಲ್ಲಿ ಬಣ್ಣದಾಟದ ಸರದಿ ನಡೆಯುತ್ತದೆ. ಹಲಗೆಯ ಸದ್ದು ಪೇಟೆಗಳ ಗುರುತಿನೊಂದಿಗೆ ಹೊರಡುತ್ತದೆ. ಸೆಕ್ಟರುಗಳಾಗಿ ವಿಂಗಡಗೊಂಡ ನವನಗರಕ್ಕೆ ಹೋದ ಕುಟುಂಬಗಳಿಗೂ ಹಬ್ಬದ ದಿನ ಬೇಕಾಗುವುದು ಪೇಟೆಯ ಹೆಸರೇ. ಅಂಕೆಯಿಂದ ಕರೆಯಲಾಗುವ ವಿಳಾಸ ಹೋಳಿಯ ಹಲಗೆಗೆ ಒಗ್ಗುವುದಿಲ್ಲ. ಜೈನಪೇಟೆ ಎಂಬ ಒಂದು ಹೆಸರನ್ನೇ ತೆಗೆದುಕೊಂಡರೂ ಆ ಪಟ್ಟಣದಲ್ಲಿ ಯಾರು, ಯಾವ ವ್ಯವಹಾರಕ್ಕಾಗಿ, ಯಾರ ನೆರೆಯಲ್ಲಿ ನೆಲೆಸಿದ್ದರೆಂಬ ಒಂದು ಅಧ್ಯಯನವೇ ಅದರಲ್ಲಿ ಅಡಗಿದೆ.

ಹಿನ್ನೀರು ಊರನ್ನು ಮುಳುಗಿಸಿದ್ದು ಮಾತ್ರವಲ್ಲ, ದ್ವೀಪಗಳನ್ನೂ ಸೃಷ್ಟಿಸಿತು. ಘಟಪ್ರಭೆ ಕೃಷ್ಣೆಯನ್ನು ಸೇರುವ ಚಿಕ್ಕಸಂಗಮದ ಗುಡಿಯನ್ನು ಆಲಮಟ್ಟಿಯ ನೀರು ಪ್ರತಿವರ್ಷ ಆವರಿಸಿ, ಬೇಸಗೆಯಲ್ಲಿ ಮತ್ತೆ ಬಿಟ್ಟುಕೊಡುತ್ತದೆ. ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಮಲಪ್ರಭೆ ಕೃಷ್ಣೆಯನ್ನು ಕೂಡುವೆಡೆ ನಾರಾಯಣಪುರ ಜಲಾಶಯದ ಹಿನ್ನೀರು ಹರಡಿದೆ. ಬಸವಣ್ಣನವರ ಐಕ್ಯಸ್ಥಳ ಮುಳುಗದಂತೆ ಸುತ್ತಲೂ ಬಾವಿಯಂತಹ ಗೋಡೆ ಎಬ್ಬಿಸಲಾಗಿದೆ. ಸೇತುವೆಯ ಮೇಲೆ ನಡೆದು, ನೀರಿನ ಮಟ್ಟಕ್ಕಿಂತ ಕೆಳಗೆ ಮೆಟ್ಟಿಲಿಳಿದು ಭಕ್ತರು ಹಳೆಯ ನೆಲವನ್ನು ಮುಟ್ಟುತ್ತಾರೆ. ನೀರಿನ ನಡುವೆ ಉಳಿಸಿಕೊಂಡ ನೆಲಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಈ ಸೀಮೆಯಲ್ಲಿಲ್ಲ. ಇದೇ ಕೃಷ್ಣೆಯ ಕೆಳಹರಿವಿನಲ್ಲಿ ಶ್ರೀಶೈಲ ಅಣೆಕಟ್ಟೆಯ ನೀರು ಬಂದಾಗ ಚಾಲುಕ್ಯರ ಕಾಲದ ಕೂಡವೆಲ್ಲಿ ಸಂಗಮೇಶ್ವರ ದೇವಾಲಯವನ್ನು ಕಲ್ಲು ಕಲ್ಲಾಗಿ ಬಿಚ್ಚಿ ಆಲಂಪುರಕ್ಕೆ ಸಾಗಿಸಿದರು. ಗುಡಿಯನ್ನು ಕಾಯುವ ವಿದ್ಯೆ ನಾಡಿಗೆ ಚೆನ್ನಾಗಿ ತಿಳಿದಿದೆ. ಓಣಿಯನ್ನು ಕಾಯುವ ವಿದ್ಯೆಯ ಬಗ್ಗೆ ಆ ಮಾತು ಹೇಳುವಂತಿಲ್ಲ.

ಪ್ರವಾಸೋದ್ಯಮದ ಭಾಷೆ ಇವುಗಳನ್ನೆಲ್ಲ ‘ದ್ವೀಪ’ ಎನ್ನುತ್ತದೆ. ನದಿದಂಡೆಯ ಕನ್ನಡದಲ್ಲಿ ಇರುವ ಪದ ನಡುಗಡ್ಡೆ. ಹೊಳೆ ತಾನೇ ಹೊತ್ತು ತಂದ ಮಣ್ಣಿನಿಂದ ಕಟ್ಟಿದ ನಡುಗಡ್ಡೆ ಬೇರೆ, ಅಣೆಕಟ್ಟೆಯ ನೀರು ಏರಿದಾಗ ತಲೆಯಷ್ಟೇ ಉಳಿದ ದಿನ್ನೆ ಬೇರೆ. ಮೊದಲನೆಯದು ಹೊಳೆ ಕೊಟ್ಟದ್ದು, ಎರಡನೆಯದು ಹೊಳೆ ಬಿಟ್ಟದ್ದು. ಮಡು, ಕಡವು, ಹರಗೋಲು, ನಡುಗಡ್ಡೆ ಮುಂತಾದ ಪದಗಳು ಹರಿಯುವ ನೀರಿನೊಡನೆ ಹುಟ್ಟಿದವು. ನಿಂತ ನೀರಿನಲ್ಲಿ ಅವುಗಳಿಗೆ ಕೆಲಸವಿಲ್ಲ. ಇಳಕಲ್ಲಿನಲ್ಲಿ ಒಡಲಿಗೂ ಸೆರಗಿಗೂ ಬೇರೆ ಬೇರೆ ಹಾಸು ಹೂಡಿ ಎರಡನ್ನೂ ಎಳೆ ಎಳೆಯಾಗಿ ಜೋಡಿಸುವುದಕ್ಕೆ ‘ಕೊಂಡಿ’ ಎನ್ನುತ್ತಾರೆ, ಸೆರಗಿನ ಮಾದರಿಗೆ ‘ಟೋಪ ತೆನಿ’ ಎನ್ನುತ್ತಾರೆ. ಮಗ್ಗ ಆಡುತ್ತಿರುವ ತನಕ ಈ ಪದಗಳಿಗೆ ಭಯವಿಲ್ಲ. ಕಸುಬು ನಿಂತ ದಡದಲ್ಲಿ ಮಾತು ಎಷ್ಟು ಕಾಲ ನಿಂತೀತು?

ಅಣೆಕಟ್ಟೆಯೇ ತಪ್ಪೆಂದು ವಾದಿಸುವುದು ಸುಲಭ, ಆದರೆ ನ್ಯಾಯವಲ್ಲ. ಕೃಷ್ಣೆಯ ನೀರನ್ನು ಶತಮಾನಗಳ ಕಾಲ ದೂರದಿಂದ ನೋಡಿದ ಬರಗಾಲದ ಹೊಲಗಳಿಗೆ ಕಾಲುವೆ ಬಂದಿದೆ. ಬಾದಾಮಿಯ ಕೆರೆಯೂ ಮನುಷ್ಯರು ಏರಿ ಕಟ್ಟಿ ನಿಲ್ಲಿಸಿದ ನೀರೇ. ಎರಡರ ನಡುವಿನ ವ್ಯತ್ಯಾಸ ಬರಹದ್ದು. ಬಾದಾಮಿಯ ನೀರಿನ ಸುತ್ತ ಅರಸ, ಹೂಮಾಲೆಯವ, ವೀರ, ಸತ್ತ ಹೆಂಗಸು ಎಲ್ಲರಿಗೂ ಒಂದೊಂದು ಸಾಲು ಸಿಕ್ಕಿತು. ಬಾಗಲಕೋಟೆಯ ನೀರಿನ ಕುರಿತು ಇರುವ ಬರಹವೆಂದರೆ ಮುಖ್ಯವಾಗಿ ಸರ್ವೆ ನಂಬರು, ಪರಿಹಾರದ ಮೊತ್ತ, ಹಕ್ಕುಪತ್ರ. ಕಚೇರಿಯ ಕಡತ ಮನೆಯ ಅಳತೆಯನ್ನು ಬರೆದುಕೊಳ್ಳುತ್ತದೆ. ಅದರ ಕಟ್ಟೆಯ ಮೇಲೆ ಯಾರು ಕೂತು ಏನು ಮಾತಾಡುತ್ತಿದ್ದರೆಂಬುದು ಅದಕ್ಕೆ ಬೇಡ. ಅದು ಬೇಕಾಗಬೇಕಾದದ್ದು ಸಾಹಿತ್ಯ ಮತ್ತು ಚರಿತ್ರೆಯ ವಿಭಾಗಗಳಿಗೆ. ಬಾದಾಮಿ ಗುಹೆಗಳ ಶಿಲ್ಪವನ್ನು ಕುರಿತು ಹೊಸದೇನನ್ನೂ ಸೇರಿಸದ ಮತ್ತೊಂದು ಪ್ರಬಂಧ ಸಿದ್ಧಪಡಿಸುವ ಬದಲು ಒಬ್ಬ ವಿದ್ಯಾರ್ಥಿ ಕಿಲ್ಲಾದ ಒಂದೇ ಓಣಿಯ ಮನೆಹೆಸರುಗಳನ್ನೂ ಬಾವಿಗಳನ್ನೂ ಹಬ್ಬದ ಪದಗಳನ್ನೂ ಹಿರಿಯರ ಬಾಯಿಂದ ಕೇಳಿ ಬರೆದಿಟ್ಟರೆ ಅದು ಮುಂದಿನವರಿಗೆ ಶಾಸನವೇ ಆದೀತು.

ಇದಕ್ಕೆ ಕಾಲಾವಕಾಶ ಹೆಚ್ಚಿಲ್ಲ. ಹೊಳೆಯ ದಡದಲ್ಲಿ ಬಾಲ್ಯ ಕಳೆದ ತಲೆಮಾರು ಮುಪ್ಪಾಗುತ್ತಿದೆ. ಎರಡನೆಯ ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲಿ ಆಲಮಟ್ಟಿಯ ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸಲು ಒಪ್ಪಿಗೆ ನೀಡಿದೆ. ಅದು ಜಾರಿಯಾದ ದಿನ ಇನ್ನಷ್ಟು ಊರುಗಳು ದಡದಿಂದ ತಳಕ್ಕೆ ಸರಿಯುತ್ತವೆ. ಕ್ಷೇತ್ರಕಾರ್ಯ ಮಾಡುವವರಿಗೆ ಅನುಕೂಲವಾದ ಋತು ಬಾದಾಮಿಯಲ್ಲಿ ಕೆರೆ ತುಂಬಿರುವ ಮಳೆಗಾಲವಲ್ಲ, ಚೈತ್ರ ವೈಶಾಖ. ಆಗ ಹಿನ್ನೀರು ಹಿಂದೆ ಸರಿದು ಚಿಕ್ಕಸಂಗಮದ ಗುಡಿ ಹೊರಬರುತ್ತದೆ. ಊರಿನ ಹಿರಿಯರನ್ನು ಕರೆದುಕೊಂಡು ಬಯಲಾದ ನೆಲದ ಮೇಲೆ ನಡೆಯುತ್ತ, ಅವರು ತೋರಿಸಿದ ಕಡೆಗಳನ್ನು ಹೆಸರಿನೊಂದಿಗೆ ಗುರುತು ಮಾಡಿಕೊಳ್ಳಲು ಮುಂಗಾರಿನ ನೀರು ಬರುವ ತನಕ ಸುಮಾರು ಎರಡು ತಿಂಗಳು ಸಿಗುತ್ತವೆ.