ಊರಿನ ಅಧ್ಯಯನ ಊರಿಗೂ ತಲುಪಲಿ

ಘಟಿಕೋತ್ಸವದ ದಿನ ಪಿಎಚ್.ಡಿ. ಪಡೆದವರ ಸಂಖ್ಯೆಯನ್ನು ಹೆಮ್ಮೆಯಿಂದ ಪ್ರಕಟಿಸುವುದು ನಮ್ಮ ವಿಶ್ವವಿದ್ಯಾಲಯಗಳ ವಾಡಿಕೆ. ಆ ಪದವಿಗಳಲ್ಲಿ ಅನೇಕವು ರಾಜ್ಯದ ಯಾವುದೋ ಒಂದು ಜಿಲ್ಲೆಯ ಜನಜೀವನ, ಇತಿಹಾಸ, ಕೃಷಿ ಇಲ್ಲವೇ ಪರಿಸರವನ್ನು ಕುರಿತ ಅಧ್ಯಯನಕ್ಕೆ ಸಂದಿರುತ್ತವೆ. ಸಂಶೋಧನಾ ವಿದ್ಯಾರ್ಥಿ ಹಳ್ಳಿಗೆ ಬಂದಾಗ ಊರಿನವರು ಕೆಲಸ ಬಿಟ್ಟು ಕುಳಿತು ಮಾತನಾಡುತ್ತಾರೆ. ಮನೆಯ ಹಳೆಯ ಕಾಗದಪತ್ರಗಳನ್ನು ತೋರಿಸುತ್ತಾರೆ. ಕೆರೆ, ಗುಡಿ, ಕಾಡುಗಳಿಗೆ ಜೊತೆಗೆ ಹೋಗುತ್ತಾರೆ. ಪ್ರಬಂಧ ಸಿದ್ಧವಾಗುತ್ತದೆ, ಪದವಿಯೂ ದೊರೆಯುತ್ತದೆ. ಆದರೆ ಆ ಪ್ರಬಂಧದಲ್ಲಿ ಏನಿದೆ ಎಂಬುದು ಮಾಹಿತಿ ಕೊಟ್ಟ ಊರಿಗೆ ಮಾತ್ರ ತಿಳಿಯುವುದೇ ಇಲ್ಲ. ಇದು ತೀರಿಸದೆ ಉಳಿದ ಋಣ.

ವಿದ್ಯಾರ್ಥಿ ದೆಸೆಯ ಸಂಶೋಧನೆಯನ್ನು ಪದವಿಯ ಔಪಚಾರಿಕತೆ ಎಂದು ಕಡೆಗಣಿಸುವಂತಿಲ್ಲ. ಮೈಸೂರಿನ ಎಂ.ಎನ್. ಶ್ರೀನಿವಾಸ್ ಅವರು ಮುಂಬೈ ಮತ್ತು ಆಕ್ಸ್‌ಫರ್ಡ್‌ಗಳಲ್ಲಿ ವಿದ್ಯಾರ್ಥಿಯಾಗಿದ್ದಾಗ ಕೈಗೊಂಡ ಕೊಡವರ ಅಧ್ಯಯನ 1952ರಲ್ಲಿ ಗ್ರಂಥವಾಗಿ ಪ್ರಕಟವಾಯಿತು. ಭಾರತೀಯ ಸಮಾಜಶಾಸ್ತ್ರದಲ್ಲಿ ಇಂದಿಗೂ ಚರ್ಚೆಯಲ್ಲಿರುವ ‘ಸಂಸ್ಕೃತೀಕರಣ’ದ ಪರಿಕಲ್ಪನೆ ರೂಪುಗೊಂಡದ್ದು ಆ ಗ್ರಂಥದಲ್ಲಿ. ಎಂ. ಚಿದಾನಂದಮೂರ್ತಿ ಅವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಮೂಲತಃ ಪಿಎಚ್.ಡಿ. ಪ್ರಬಂಧ. ಅದು ಕನ್ನಡದಲ್ಲಿಯೇ ಇದ್ದುದರಿಂದ 1966ರಲ್ಲಿ ಪ್ರಕಟವಾದ ಮೇಲೆ ವಿದ್ವಾಂಸರಷ್ಟೇ ಅಲ್ಲ, ತಮ್ಮ ಊರಿನ ವೀರಗಲ್ಲಿನ ಅರ್ಥ ತಿಳಿಯಬಯಸಿದ ಸಾಮಾನ್ಯ ಓದುಗರಿಗೂ ದಕ್ಕಿತು.

ಮಂಡ್ಯ ಸೀಮೆಯ ಉದಾಹರಣೆ ಇನ್ನೂ ಮಹತ್ವದ್ದು. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿನಿ ಸ್ಕಾರ್ಲೆಟ್ ಎಪ್‌ಸ್ಟೀನ್ 1954ರಿಂದ ಎರಡು ವರ್ಷ ಕಾಲ ಅಲ್ಲಿನ ಎರಡು ಹಳ್ಳಿಗಳನ್ನು ಅಧ್ಯಯನ ಮಾಡಿದರು. ಒಂದು, ನಾಲೆಯ ನೀರು ಪಡೆದು ಕಬ್ಬು ಬೆಳೆಯಲಾರಂಭಿಸಿದ ಊರು. ಇನ್ನೊಂದು, ಸುತ್ತಲಿನ ಹಳ್ಳಿಗಳಿಗೆ ನೀರು ಬಂದರೂ ಎತ್ತರದಲ್ಲಿದ್ದ ಕಾರಣ ಖುಷ್ಕಿಯಾಗಿಯೇ ಉಳಿದ ಊರು. ನೀರು ಬಂದ ಊರಿನಲ್ಲಿ ಸಂಪತ್ತು ಹೆಚ್ಚಿದರೂ ಹಳೆಯ ಸಾಮಾಜಿಕ ಸಂಬಂಧಗಳು ಬಹುಮಟ್ಟಿಗೆ ಹಾಗೆಯೇ ಮುಂದುವರಿದವು. ಒಣ ಊರಿನವರಾದರೋ ವ್ಯಾಪಾರ, ಪಟ್ಟಣದ ನೌಕರಿ ಎಂದು ಹೊರಗೆ ದುಡಿಮೆ ಹುಡುಕಿಕೊಂಡರು. ಸಾಮಾಜಿಕ ಬದಲಾವಣೆ ಹೆಚ್ಚಾಗಿ ಕಂಡದ್ದು ಅಲ್ಲಿ. ಕಚೇರಿಯಲ್ಲಿ ಕುಳಿತು ನೀರಾವರಿಯ ಎಕರೆ ಲೆಕ್ಕ ಹಾಕುವವರಿಗೆ ಈ ಸತ್ಯ ಗೋಚರಿಸುವುದು ಸಾಧ್ಯವಿರಲಿಲ್ಲ. ಅವರು 1970ರಲ್ಲಿ ಅದೇ ಹಳ್ಳಿಗಳಿಗೆ ಮರಳಿ ಬಂದು ಬದಲಾವಣೆಯನ್ನು ಮತ್ತೆ ಪರಿಶೀಲಿಸಿದರು ಎಂಬುದು ಗಮನಾರ್ಹ.

ಇಂಥ ಸಂಶೋಧನೆಗೆ ಸಮಯ ಬೇಕು, ಹಣವೂ ಬೇಕು. ಜೆಆರ್‌ಎಫ್ ಶಿಷ್ಯವೇತನವನ್ನು 2023ರ ಜನವರಿಯಿಂದ ಮಾಸಿಕ 37,000 ರೂಪಾಯಿಗೆ ಏರಿಸಲಾಯಿತಾದರೂ ಅದು ದೊರೆಯುವುದು ಕೆಲವರಿಗಷ್ಟೇ. ಉಳಿದವರಲ್ಲಿ ಹಲವರು ಅತಿಥಿ ಉಪನ್ಯಾಸಕರಾಗಿ ದುಡಿಯುತ್ತ, ರಜೆಯ ದಿನಗಳಲ್ಲಿ ಊರೂರು ಸುತ್ತಬೇಕಾದ ಸ್ಥಿತಿಯಲ್ಲಿದ್ದಾರೆ. ತಿಂಗಳುಗಟ್ಟಲೆ ನಡೆಯಬೇಕಾದ ಕ್ಷೇತ್ರಕಾರ್ಯ ಎರಡು ದಿನಗಳ ಪ್ರಶ್ನಾವಳಿಗೆ ಇಳಿಯುತ್ತದೆ. ಹಿಂದಿನ ಪ್ರಬಂಧಗಳ ಅಧ್ಯಾಯಗಳೇ ಜಿಲ್ಲೆಯ ಹೆಸರು ಬದಲಿಸಿಕೊಂಡು ಮರಳಿ ಬರುತ್ತವೆ. ಇದಕ್ಕೆ ವಿದ್ಯಾರ್ಥಿಯನ್ನಷ್ಟೇ ದೂರುವುದು ನ್ಯಾಯವಲ್ಲ. ಕ್ಷೇತ್ರಕಾರ್ಯ ನಡೆದಿದೆಯೇ ಎಂದು ಕೇಳದೆ ಸಹಿ ಹಾಕುವ ವ್ಯವಸ್ಥೆಯೂ ಹೊಣೆ ಹೊರಬೇಕು.

ಈ ನಡುವೆ ಕಾಲ ಕಾಯುವುದಿಲ್ಲ. ಯಾವ ತೂಬನ್ನು ಯಾವಾಗ ಎತ್ತಬೇಕೆಂದು ಬಲ್ಲ ನೀರುಗಂಟಿ, ನಾಟಿ ಭತ್ತದ ತಳಿಗಳನ್ನು ಕಣ್ಣಳತೆಯಲ್ಲೇ ಗುರುತಿಸುವ ರೈತ, ದೇವರಕಾಡಿನ ಕಟ್ಟುಪಾಡುಗಳನ್ನು ಹೇಳಬಲ್ಲ ಹಿರಿಯರು ಒಬ್ಬೊಬ್ಬರಾಗಿ ಮರೆಯಾಗುತ್ತಿದ್ದಾರೆ. ಅವರೊಡನೆ ಹೋಗುವ ತಿಳಿವಳಿಕೆಯನ್ನು ಮುಂದೆ ಎಷ್ಟು ಅನುದಾನ ಕೊಟ್ಟರೂ ಮರಳಿ ಪಡೆಯಲಾಗದು.

ಜನರ ಭಾಷೆಯಲ್ಲಿ ಜ್ಞಾನವಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಪಶ್ಚಿಮಘಟ್ಟದ ವಿವಾದವೇ ಸಾಕ್ಷಿ. ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ತಜ್ಞರ ಸಮಿತಿ 2011ರಲ್ಲಿ ಇಂಗ್ಲಿಷಿನಲ್ಲಿ ವರದಿ ಸಲ್ಲಿಸಿತು. ಅದು ಸ್ಥಳೀಯ ಭಾಷೆಗಳಲ್ಲಿ ಗ್ರಾಮಸಭೆಗಳ ಮುಂದೆ ಬರಬೇಕೆಂಬುದು ಸಮಿತಿಯ ಆಶಯವೇ ಆಗಿತ್ತು. ಹಾಗೆ ಆಗಲಿಲ್ಲ. ವರದಿಗೆ ಮೊದಲು ಮಲೆನಾಡಿನ ಹಳ್ಳಿಗಳನ್ನು ತಲುಪಿದ್ದು ಭಯ ಮತ್ತು ವದಂತಿ. ಮನೆ ಕಟ್ಟುವಂತಿಲ್ಲ, ಗೊಬ್ಬರ ಹಾಕುವಂತಿಲ್ಲ ಎಂಬ ಮಾತುಗಳ ನಡುವೆ ವಿವೇಚನೆಯ ಚರ್ಚೆಗೆ ಎಡೆಯೇ ಇಲ್ಲದಾಯಿತು. ವರದಿಯನ್ನು ಒಪ್ಪುವುದು, ಬಿಡುವುದು ಜನರ ಹಕ್ಕು. ಆದರೆ ಓದದೆ ತೀರ್ಮಾನಿಸುವ ಸ್ಥಿತಿಗೆ ಅವರನ್ನು ತಂದದ್ದು ಆಡಳಿತದ ಲೋಪ. ಆ ಪ್ರದೇಶದ ಮಳೆ, ಮಣ್ಣು, ತೋಟಗಾರಿಕೆ, ಭೂಕುಸಿತಗಳ ಬಗ್ಗೆ ನಡೆದ ಅಧ್ಯಯನಗಳು ಕನ್ನಡದಲ್ಲಿ ಊರವರ ಕೈಯಲ್ಲಿದ್ದಿದ್ದರೆ ವಾದ ವಿವಾದಕ್ಕೆ ಬೇರೆಯದೇ ನೆಲೆ ಒದಗುತ್ತಿತ್ತು.

ಪ್ರಬಂಧಗಳೆಲ್ಲ ‘ಶೋಧಗಂಗಾ’ ಜಾಲತಾಣದಲ್ಲಿ ಲಭ್ಯ ಎಂಬ ಸಮಾಧಾನ ಸಾಲದು. ಸಂಶೋಧಕರಿಗೆ ಅದು ಉಪಯುಕ್ತ, ನಿಜ. ಆದರೆ ಮುನ್ನೂರು ಪುಟಗಳ ಇಂಗ್ಲಿಷ್ ಪ್ರಬಂಧವನ್ನು ಪಂಚಾಯಿತಿ ಸದಸ್ಯರಾಗಲಿ ಪ್ರೌಢಶಾಲೆಯ ಶಿಕ್ಷಕರಾಗಲಿ ಹುಡುಕಿ ಓದಲಿ ಎಂದು ನಿರೀಕ್ಷಿಸುವುದು ತಪ್ಪು.

ಪರಿಹಾರ ದುಬಾರಿಯೂ ಅಲ್ಲ, ಕಷ್ಟಸಾಧ್ಯವೂ ಅಲ್ಲ. ರಾಜ್ಯದ ಯಾವುದೇ ಪ್ರದೇಶವನ್ನು ಕುರಿತ ಪ್ರಬಂಧದ ಜೊತೆ ಇಪ್ಪತ್ತು ಮೂವತ್ತು ಪುಟಗಳ ಕನ್ನಡ ಸಾರಾಂಶವನ್ನು ಕಡ್ಡಾಯಗೊಳಿಸಬೇಕು. ಅದರ ಪ್ರತಿಗಳು ಆಯಾ ತಾಲ್ಲೂಕು ಗ್ರಂಥಾಲಯಕ್ಕೂ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೂ ತಲುಪಬೇಕು. ಪದವಿ ನೀಡುವ ಮುನ್ನ ವಿದ್ಯಾರ್ಥಿ ತಾನು ಕಂಡುಕೊಂಡದ್ದನ್ನು ಆ ಊರಿನಲ್ಲೇ ಒಮ್ಮೆ ಮಂಡಿಸಲಿ. ತಪ್ಪಿದ್ದರೆ ತಿದ್ದಲು ಅಲ್ಲಿನವರಿಗಿಂತ ಅರ್ಹರು ಬೇರೆ ಯಾರು? ಕ್ಷೇತ್ರಕಾರ್ಯಕ್ಕೆಂದೇ ಪ್ರತ್ಯೇಕ ಭತ್ಯೆಯನ್ನು ಸರ್ಕಾರ ಒದಗಿಸಬೇಕು. ಹಳೆಯ ಅಧ್ಯಯನಗಳು ನಡೆದ ಊರುಗಳ ಮರು ಅಧ್ಯಯನಕ್ಕೂ ಉತ್ತೇಜನ ದೊರೆಯಬೇಕು. ಸಾರಾಂಶವೂ ಇನ್ನೊಂದು ಕಾಟಾಚಾರವಾದೀತು ಎಂಬ ಆತಂಕ ಅಸಹಜವಲ್ಲ. ಆದರೆ ಊರವರೇ ಓದುತ್ತಾರೆ ಎಂಬ ಅರಿವಿಗಿಂತ ದೊಡ್ಡ ಅಂಕುಶ ಸಂಶೋಧನೆಗೆ ಮತ್ತೊಂದಿಲ್ಲ.

ಮೈಸೂರು ಸೀಮೆಯ ಹಳ್ಳಿಯೊಂದರ ಬಗ್ಗೆ ಶ್ರೀನಿವಾಸ್ ಸಿದ್ಧಪಡಿಸಿಕೊಂಡಿದ್ದ ಟಿಪ್ಪಣಿಗಳು 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಆಹುತಿಯಾದವು. ಬಹುಪಾಲು ನೆನಪನ್ನೇ ಆಧರಿಸಿ ಅವರು ಬರೆದ ಗ್ರಂಥ 1976ರಲ್ಲಿ ಹೊರಬಂತು. ಊರು ಅವರ ಮನಸ್ಸಿನಲ್ಲಿತ್ತು, ಆದ್ದರಿಂದ ಉಳಿಯಿತು. ಯಾರೂ ಓದದ ಪ್ರಬಂಧ ನಾಶವಾಗಲು ಬೆಂಕಿಯೇ ಬೇಕಿಲ್ಲ. ಕಪಾಟಿನ ಧೂಳು ಸಾಕು. ಜನರಿಂದ ಪಡೆದ ತಿಳಿವಳಿಕೆಯನ್ನು ಜನರಿಗೆ ಮರಳಿಸುವ ಕೆಲಸವನ್ನು ವಿಶ್ವವಿದ್ಯಾಲಯಗಳು ಇನ್ನೂ ಮುಂದೂಡುವುದು ಸಲ್ಲದು.