ಸಬ್ಸಿಡಿ ಮಿಷನ್ನಿಗೆ, ಮಿಷನ್ ಬದುಕಿಸುವ ಕೈಗೆ ಚೌಕಾಸಿ!

ನಿಮ್ಮ ಕೊಟ್ಟಿಗೆಯ ಮೂಲೆಯಲ್ಲಿ ಗೋಣಿ ಹೊದ್ದು ಮಲಗಿರುವ ಇಂಜಿನ್ ಎಷ್ಟಿವೆ, ಒಮ್ಮೆ ಎಣಿಸಿ ನೋಡಿ. ಕಳೆ ಕೊಚ್ಚುವ ಮಿಷನ್ನಿನದು ಒಂದು, ಔಷಧಿ ಹೊಡೆಯುವ ಪಂಪಿನದು ಒಂದು, ಅಪ್ಪನ ಕಾಲದ ಸೀಮೆಎಣ್ಣೆ ಇಂಜಿನ್ ಒಂದು. ಇವುಗಳಲ್ಲಿ ಹೆಚ್ಚಿನವು ನಿಜವಾಗಿ ಸತ್ತಿಲ್ಲ. ಯಾವುದೋ ಸಣ್ಣ ಭಾಗ ಸಿಗದೆ, ಅಥವಾ ಹೊಸ ಪಂಪಿಗೆ ಹಳೆ ಇಂಜಿನ್ ಕೂರದೆ ಮೂಲೆ ಸೇರಿವೆ. ಇವನ್ನು ಎಬ್ಬಿಸುವ ಕೈ ನಮ್ಮೂರಿನ ಪೇಟೆಯಲ್ಲೇ ಇದೆ. ಆ ಕೈಗೆ ನಾವು ಇಟ್ಟಿರುವ ಹೆಸರು 'ಗುಜರಿ ಮೇಸ್ತ್ರಿ'.

ಈ ಹೆಸರಿನ ಮೇಲೆ ನನಗೆ ಸಿಟ್ಟಿದೆ. ಯಾಕೆ ಅಂತ ಹೇಳುತ್ತೇನೆ.

ಅಡಿಕೆ ತೋಟ ಇದ್ದವರಿಗೆ ಕೊಳೆರೋಗದ ಲೆಕ್ಕ ಗೊತ್ತು. ಮುಂಗಾರು ಹಿಡಿಯುವ ಮುಂಚೆ ಒಂದು ಸಲ ಬೋರ್ಡೋ, ಮತ್ತೆ 40-45 ದಿನಕ್ಕೆ ಇನ್ನೊಂದು ಸಲ. ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್. ಎರಡನೇ ಸಲದ್ದು ಬರುವುದು ನಡು ಮಳೆಗಾಲದಲ್ಲಿ. ಮಳೆ ಎರಡು ದಿನ ಬಿಟ್ಟರೆ ಪುಣ್ಯ. ಆ ಎರಡು ದಿನಕ್ಕೇ ಮರ ಹತ್ತುವವರೂ ಸಿಗಬೇಕು, ಪಂಪೂ ಓಡಬೇಕು.

ಹೋದ ಆಷಾಢದಲ್ಲಿ ನಮ್ಮ ದೊಡ್ಡಪ್ಪನ ಪಂಪಿನ ಇಂಜಿನ್ ಸರಿಯಾಗಿ ಅದೇ ದಿನ ಕೈಕೊಟ್ಟಿತು. ತೆಗೆದುಕೊಂಡ ಅಂಗಡಿಗೆ ಫೋನ್ ಮಾಡಿದರೆ, "ಪಾರ್ಟ್ ಬರ್ಬೇಕು ಸಾರ್, 15 ದಿನ ಆಗುತ್ತೆ. ಬಿಡಿ ಬರಲ್ಲ, ಪೂರ್ತಿ ಸೆಟ್ಟೇ ತಗೋಬೇಕು" ಎಂದರು. ದೊಡ್ಡಪ್ಪ ಹೇಳಿದ್ದು ಇಷ್ಟೇ: "15 ದಿನ ಕಾಯೋ ಅಂತ ಕೊಳೆಗೂ ನೀನೇ ಒಂದು ಫೋನ್ ಮಾಡಿ ಹೇಳ್ಬಿಡು ತಮ್ಮಾ."

ಮನೆಯಲ್ಲಿ ಗದ್ದೆಗೆ ನೀರು ಹೊಡೆಯುವ ಇನ್ನೊಂದು ಇಂಜಿನ್ ಇತ್ತು. ಚೆನ್ನಾಗೇ ಓಡುತ್ತಿತ್ತು. ಅದನ್ನು ಔಷಧಿ ಪಂಪಿಗೆ ಕೂರಿಸಿದರೆ ಕೆಲಸ ಮುಗಿಯಿತು ಅನ್ನುವಾಗ ಗೊತ್ತಾಯಿತು, ಇದರ ಶಾಫ್ಟ್ ಮುಕ್ಕಾಲು ಇಂಚಿನದು. ಅಂದರೆ 19.05 ಮಿಲಿಮೀಟರ್. ಹಳೆ ಪುಲ್ಲಿಯ ತೂತು 20 ಮಿಲಿಮೀಟರ್. ಒಂದು ಮಿಲಿಮೀಟರಿಗೂ ಕಡಿಮೆ ವ್ಯತ್ಯಾಸ, ಅದರ ಮೇಲೆ ಒಂದು ವರ್ಷದ ಫಸಲು ನಿಂತಿತ್ತು.

ಡಬ್ಬದ ತಗಡು ಕತ್ತರಿಸಿ ಸುತ್ತಿ ಪುಲ್ಲಿ ಬಡಿದು ಕೂರಿಸೋಣ ಅಂದರು ಎಲ್ಲರೂ. ನಮ್ಮ ಲೇತ್ ಮೇಸ್ತ್ರಿ ಒಪ್ಪಲಿಲ್ಲ. "ಇವತ್ತು ಓಡುತ್ತೆ ಗೌಡ್ರೆ. ಆದ್ರೆ ಪುಲ್ಲಿ ಕೂದಲಷ್ಟು ಸೊಟ್ಟ ತಿರುಗುತ್ತೆ. ಮೊದಲು ಬೆಲ್ಟ್ ತಿನ್ನುತ್ತೆ, ಆಮೇಲೆ ಕೀ ತಿನ್ನುತ್ತೆ, ಕೊನೆಗೆ ಶಾಫ್ಟನ್ನೇ ತಿನ್ನುತ್ತೆ" ಅಂದರು.

ಅವರು ಮಾಡಿದ್ದನ್ನು ಬಿಡಿಸಿ ಹೇಳಲೇಬೇಕು. ಪುಲ್ಲಿಯನ್ನು ಲೇತಿಗೆ ಕಟ್ಟಿ ತೂತನ್ನು 28 ಮಿಲಿಮೀಟರಿಗೆ ದೊಡ್ಡದು ಮಾಡಿದರು. ಗುಜರಿಯಲ್ಲಿ ಬಿದ್ದಿದ್ದ ಒಂದು ಹಳೆ ಶಾಫ್ಟಿನ ತುಂಡನ್ನು ಕಡೆದು ಬುಷ್ ಮಾಡಿ, ಅದನ್ನು ಪುಲ್ಲಿಯೊಳಗೆ ಬಿಗಿಯಾಗಿ ಒತ್ತಿ ಕೂರಿಸಿದರು. ಬುಷ್ ಒಳಗೇ ತಿರುಗಬಾರದಲ್ಲ, ಅದಕ್ಕೆ ಬುಷ್ಷೂ ಪುಲ್ಲಿಯೂ ಸೇರುವ ಗೆರೆಯ ಮೇಲೇ ತೂತು ಕೊರೆದು ತಿರುಪು ಹಾಕಿದರು. ಅರ್ಧ ತಿರುಪು ಬುಷ್ಷಿನಲ್ಲಿ, ಅರ್ಧ ಪುಲ್ಲಿಯಲ್ಲಿ. ಆಮೇಲೆ ಒಳತೂತನ್ನು ಶಾಫ್ಟಿಗೆ ಸರಿಯಾಗಿ ಕಡೆದರು. ಕೀ ಕೂರುವ ಗಾಡಿ ಕೊರೆಯಲು ಅವರಲ್ಲಿ ಬೇರೆ ಮಿಷನ್ ಇಲ್ಲ. ಲೇತನ್ನು ನಿಲ್ಲಿಸಿ, ಪುಲ್ಲಿ ಅಲುಗದಂತೆ ಬಿಗಿ ಮಾಡಿ, ಉಳಿಯನ್ನು ಅಡ್ಡ ಕಟ್ಟಿ, ಕೈಯಲ್ಲೇ ಹಿಂದೆ ಮುಂದೆ ತಳ್ಳಿ ತಳ್ಳಿ ಒಂದೊಂದು ಎಳೆ ಹೆರೆದರು. ನೂರು ಸಲವಾದರೂ ತಳ್ಳಿರಬೇಕು. ನಡುವೆ ಎರಡು ಸಲ ಕರೆಂಟ್ ಹೋಯಿತು. ಈ ಕೆಲಸಕ್ಕೆ ಕರೆಂಟ್ ಬೇಡ, ಆದ್ದರಿಂದ ನಿಲ್ಲಲಿಲ್ಲ. 5 ಮಿಲಿಮೀಟರಿನ ಚೌಕದ ಸರಳನ್ನು ಅರದಲ್ಲಿ ಉಜ್ಜಿ ಕೀ ಹೊಂದಿಸಿದರು.

ಮಾರನೇ ದಿನ ಮಧ್ಯಾಹ್ನ ತೋಟದಲ್ಲಿ ಬೋರ್ಡೋ ಹೊಡೆಯುತ್ತಿದ್ದರು.

ಮೇಸ್ತ್ರಿ ಕೇಳಿದ್ದು 600 ರೂಪಾಯಿ. ಅಲ್ಲೇ ನಿಂತಿದ್ದ ನೆಂಟರೊಬ್ಬರು, "ಒಂದು ತೂತಿಗೆ 600ಆ?" ಅಂದರು. ಇದೇ ನೆಂಟರು ಅಂಗಡಿಯಲ್ಲಿ ಪೂರ್ತಿ ಸೆಟ್ಟಿಗೆ ಸಾವಿರಗಟ್ಟಲೆ ಬಿಲ್ ಬಂದಾಗ ಬಾಯಿ ಬಿಡದೆ ಫೋನ್‌ಪೇ ಮಾಡಿ ಬಂದವರು. ನಮ್ಮ ರೋಗ ಇಲ್ಲಿದೆ.

ಸರ್ಕಾರದ ರೋಗ ಇನ್ನೊಂದು. ಕೃಷಿ ಯಾಂತ್ರೀಕರಣಕ್ಕೆ ಕೇಂದ್ರದ ಉಪ ಅಭಿಯಾನ 2014-15ರಿಂದ ನಡೆಯುತ್ತಿದೆ. ನಮ್ಮ ರಾಜ್ಯದಲ್ಲಿ ಸಾಮಾನ್ಯ ವರ್ಗಕ್ಕೆ 50 ಪರ್ಸೆಂಟ್, ಪರಿಶಿಷ್ಟರಿಗೆ 90 ಪರ್ಸೆಂಟ್‌ವರೆಗೂ ಸಬ್ಸಿಡಿ ಕೊಟ್ಟಿದ್ದಾರೆ. ಬೇಡ ಅನ್ನುತ್ತಿಲ್ಲ. ಸಬ್ಸಿಡಿ ಇಲ್ಲದಿದ್ದರೆ ಎಷ್ಟೋ ಮನೆಗೆ ಮಿಷನ್ ಬರುತ್ತಲೇ ಇರಲಿಲ್ಲ. ಆದರೆ ಹಣ ಹರಿಯುವುದೆಲ್ಲ ಹೊಸ ಮಿಷನ್ನಿನ ಕಡೆಗೆ, ಪಟ್ಟಿಯಲ್ಲಿರುವ ಕಂಪನಿಗಳ ಕಡೆಗೆ. ಮೂರು ವರ್ಷಕ್ಕೆ ಅದು ಮೂಲೆ ಸೇರಿದರೆ ಕೇಳುವವರಿಲ್ಲ. ಹಾಗೆ ನೋಡಿದರೆ ಮೂಲೆ ಸೇರಿದಷ್ಟೂ ಹೊಸದರ ವ್ಯಾಪಾರ ಹೆಚ್ಚು.

2022ರ ಜುಲೈಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 'ರಿಪೇರಿ ಹಕ್ಕು' ಅಂತ ಒಂದು ಸಮಿತಿ ಮಾಡಿತು. ಮೊದಲು ಹಿಡಿದ ನಾಲ್ಕು ಕ್ಷೇತ್ರಗಳಲ್ಲಿ ಕೃಷಿ ಉಪಕರಣವೂ ಇತ್ತು. ಅದೇ ವರ್ಷ ಡಿಸೆಂಬರಿನಲ್ಲಿ ಪೋರ್ಟಲ್ ಕೂಡ ಬಂತು. ಪೋರ್ಟಲ್ ಫೋನಿಗೆ ಬಂತು, ಪಾರ್ಟ್ ಮಾತ್ರ ನಮ್ಮ ತಾಲ್ಲೂಕಿಗೆ ಬರಲಿಲ್ಲ.

ಇನ್ನು ವಿಡಿಯೋ ನೋಡಿ ಚಪ್ಪಾಳೆ ಹೊಡೆಯುವವರ ವಿಷಯ. 2019ರಲ್ಲಿ ಬಂಟ್ವಾಳದ ಕೃಷಿಕ ಗಣಪತಿ ಭಟ್ಟರು ಅಡಿಕೆ ಮರ ಹತ್ತುವ ಬೈಕ್ ಮಾಡಿದಾಗ ದೇಶವೆಲ್ಲ ಶೇರ್ ಮಾಡಿತು. ಗುಜರಾತಿನ ಅಮ್ರೇಲಿ ಕಡೆಯ ಮನ್ಸುಖ್‌ಭಾಯಿ ಜಗಾನಿ ಹಳೆ ಬುಲೆಟ್ ಬೈಕಿಗೆ ಹಿಂದೆ ಎರಡು ಚಕ್ರ, ನೇಗಿಲು ಕಟ್ಟಿ ಉಳುಮೆ ಮಾಡಿದರು. ಅದಕ್ಕೆ ಪೇಟೆಂಟೂ ಸಿಕ್ಕಿತು. ಇಬ್ಬರಿಗೂ ನಮಸ್ಕಾರ. ಆದರೆ ಹೆಸರು ಬಂದ ಮೇಲೆ 'ಸಂಶೋಧಕ', ಹೆಸರು ಬರುವ ತನಕ 'ಗುಜರಿ' ಅನ್ನುವುದು ಯಾವ ನ್ಯಾಯ? ನಮ್ಮ ಮೇಸ್ತ್ರಿ ಪುಲ್ಲಿಗೆ ಬುಷ್ ಹೊಡೆದದ್ದನ್ನು ಯಾರೂ ವಿಡಿಯೋ ಮಾಡುವುದಿಲ್ಲ. ಒಂದು ತಾಲ್ಲೂಕಿನ ತೋಟ ಉಳಿಯುವುದು ಇಂಥ ನೂರು ಬುಷ್‌ಗಳಿಂದ.

ಹಾಗಂತ ಮನೆಯಲ್ಲಿ ಮಾಡಿದ್ದೆಲ್ಲ ಬಂಗಾರ ಅಂತ ನಾನು ಹೇಳಿದೆ ಅಂದುಕೊಳ್ಳಬೇಡಿ. ನಮ್ಮ ಹುಡುಗರಿಗೂ ಎರಡು ಮಾತು ಇದೆ. ಈ ಸಣ್ಣ ನಾಲ್ಕು ಸ್ಟ್ರೋಕ್ ಇಂಜಿನ್‌ಗಳಿಗೆ ಗವರ್ನರ್ ಅಂತ ಒಂದಿರುತ್ತದೆ. ನಿಮಿಷಕ್ಕೆ ಸುಮಾರು 3600 ಸುತ್ತು ದಾಟದಂತೆ ಹಿಡಿಯುವುದು ಅದರ ಕೆಲಸ. 'ಪಿಕಪ್ ಬರ್ಲಿ' ಅಂತ ಅದರ ಕಡ್ಡಿ ಬಗ್ಗಿಸುವ, ಕಳಚಿ ಬಿಸಾಡುವ ಜಾಣರು ಊರಿಗೆ ಇಬ್ಬರಾದರೂ ಇದ್ದಾರೆ. ಒಳಗಿರುವ ಕನೆಕ್ಟಿಂಗ್ ರಾಡ್ ಹೆಚ್ಚಾಗಿ ಅಲ್ಯೂಮಿನಿಯಂನದು. ಅದು ಮುರಿದರೆ ಇಂಜಿನ್ನಿನ ಹೊಟ್ಟೆ ಒಡೆದುಕೊಂಡೇ ಹೊರಗೆ ಬರುವುದು, ಪಕ್ಕದಲ್ಲಿ ನಿಂತವನ ಕಾಲು ನೋಡಿಕೊಂಡು ಬರುವುದಿಲ್ಲ. ಸುತ್ತು ಹೊಂದಿಸಬೇಕಾದರೆ ಪುಲ್ಲಿ ಬದಲಿಸಿ. ಇಂಜಿನ್ನಿಗೆ 3 ಇಂಚಿನದು, ಪಂಪಿಗೆ 12 ಇಂಚಿನದು ಹಾಕಿದರೆ 3600 ಸುತ್ತು 900ಕ್ಕೆ ಇಳಿಯುತ್ತದೆ. ಪಂಪಿನ ಮೇಲೆ ಎಷ್ಟು ಸುತ್ತು ಅಂತ ಬರೆದಿದೆಯೋ ಅದಕ್ಕೆ ಲೆಕ್ಕ ಹಾಕಿ. ನಾಲ್ಕನೇ ಕ್ಲಾಸಿನ ಭಾಗಾಕಾರ ಸಾಕು.

ಕಳೆ ಕೊಚ್ಚುವ ಮಿಷನ್ನಿನ ಗಾರ್ಡ್ ಬಿಚ್ಚಿ ಮರ ಕೊಯ್ಯುವ ದೊಡ್ಡ ಬ್ಲೇಡ್ ಹಾಕುವವರ ಹತ್ತಿರ ನಾನು ವಾದವೇ ಮಾಡುವುದಿಲ್ಲ. ಅದು ಆತ್ಮಹತ್ಯೆ, ಜೊತೆಗೆ ಕೂಲಿಗೆ ಬಂದವನ ಕೊಲೆ. ತೂತಿಗೆ ತಗಡು ಸುತ್ತಬೇಡಿ ಅಂದ ಮೇಸ್ತ್ರಿಗೂ ಗಾರ್ಡ್ ಬಿಚ್ಚುವ ಇವರಿಗೂ ಒಂದೇ ಹೆಸರು ಕೊಟ್ಟಿದ್ದೇವಲ್ಲ, ಅದೇ ನನ್ನ ತಕರಾರು. ಅಳತೆ ಗೊತ್ತಿದ್ದವನನ್ನೂ ಅಳತೆ ಗೊತ್ತಿಲ್ಲದವನನ್ನೂ ಒಂದೇ ಚೀಲಕ್ಕೆ ತುಂಬಿದರೆ ಕಲಿಯುವ ಹುಡುಗ ಯಾರನ್ನು ನೋಡಿ ಕಲಿಯಬೇಕು?

ಕಲಿಯುವ ಹುಡುಗರೇ ಕಡಿಮೆ, ಅದು ಬೇರೆ. ನಮ್ಮ ಮೇಸ್ತ್ರಿಗೆ 60 ದಾಟಿದೆ. ಮಗ ಐಟಿಐ ಓದಿದವನು, ಪೀಣ್ಯದ ಕಾರ್ಖಾನೆಯೊಂದರಲ್ಲಿ ಸಿಎನ್‌ಸಿ ಓಡಿಸುತ್ತಾನೆ. ಹಬ್ಬಕ್ಕೆ ಬಂದಾಗ ಅಪ್ಪನ ಲೇತಿನ ಮೇಲಿನ ಧೂಳು ಒರೆಸಿ ಹೋಗುತ್ತಾನೆ. ಊರಿಗೆ ಬರೋದಿಲ್ವಾ ಅಂತ ಕೇಳಿದರೆ, "ಬಂದು 600 ರೂಪಾಯಿಗೆ ಜಗಳ ಆಡ್ಲಾ ಅಕ್ಕಾ?" ಅನ್ನುತ್ತಾನೆ. ಉತ್ತರ ನನ್ನಲ್ಲಿ ಇರಲಿಲ್ಲ.

ಕೇಳಬೇಕಾದ್ದು ದೊಡ್ಡದೇನಲ್ಲ. ಸಬ್ಸಿಡಿ ಮಿಷನ್ ಮಾರುವ ಕಂಪನಿ ಬಿಡಿಭಾಗವನ್ನು ಬಿಡಿಬಿಡಿಯಾಗಿ ತಾಲ್ಲೂಕಿನಲ್ಲೇ ಇಡಬೇಕು, ದರದ ಪಟ್ಟಿಯನ್ನು ಕನ್ನಡದಲ್ಲಿ ಅಂಗಡಿ ಗೋಡೆಗೆ ಅಂಟಿಸಬೇಕು. ಇಲ್ಲದಿದ್ದರೆ ಅದನ್ನು ಸಬ್ಸಿಡಿ ಪಟ್ಟಿಯಿಂದ ತೆಗೆಯಬೇಕು. ಬಾಡಿಗೆಗೆ ಮಿಷನ್ ಕೊಡುವ ಕೇಂದ್ರಗಳ ರಿಪೇರಿ ಕೆಲಸದಲ್ಲಿ ಒಂದು ಪಾಲು ಊರಿನ ಲೇತಿಗೆ ಬರಬೇಕು. ಒಬ್ಬ ಮೇಸ್ತ್ರಿಯ ಹತ್ತಿರ ಇಬ್ಬರು ಹುಡುಗರು, ಹುಡುಗಿಯರೂ ಆಗಬಹುದು, ಒಂದು ವರ್ಷ ಸ್ಟೈಪೆಂಡ್ ತಗೊಂಡು ಕಲಿಯುವಂತಾಗಬೇಕು.

ಮುಂದಿನ ಗ್ರಾಮಸಭೆಯ ನೋಟಿಸ್ ಬಂದಾಗ ಹೋಗಿ ಇದನ್ನು ಎದ್ದು ನಿಂತು ಕೇಳಿ. ಕೃಷಿ ಇಲಾಖೆಯವರು ಬಂದಿರುತ್ತಾರೆ, ಅವರ ಎದುರಿಗೇ ಕೇಳಿ. ಬಾಯಿಮಾತಿನಲ್ಲಿ ಹೂಂ ಅಂದರೆ ಬಿಡಬೇಡಿ. ನಡಾವಳಿ ಪುಸ್ತಕದಲ್ಲಿ ಬರೆದರಾ ಅಂತ ನೋಡಿ, ಒಂದು ಫೋಟೋ ಹೊಡೆದುಕೊಂಡು ನಮಗೂ ಕಳಿಸಿ.