ಮಲೆನಾಡಿನ ಕೊಟ್ಟಿಗೆಗಳಲ್ಲಿ ಮಹಾಯುದ್ಧದ ಜೀಪುಗಳು

ಎರಡನೆಯ ಮಹಾಯುದ್ಧವು 1945ರಲ್ಲಿ ಮುಗಿದಾಗ ಮಿತ್ರರಾಷ್ಟ್ರಗಳ ಸೈನ್ಯಗಳು ನಮ್ಮ ದೇಶದಲ್ಲಿ ಬಿಟ್ಟುಹೋದ ಸಾಮಗ್ರಿಯು ಅಪಾರವಾಗಿತ್ತು. ಲಾರಿಗಳೂ ಜೀಪುಗಳೂ ಹರಾಜಿಗೆ ಬಂದುವು. ರಣರಂಗಕ್ಕಾಗಿ ಹುಟ್ಟಿದ ಗಾಡಿಗಳು ಒಕ್ಕಲಿಗನ ಗಾಡಿಗಳಾದುವು. ಸಾಗರ, ಹೊಸನಗರ, ತೀರ್ಥಹಳ್ಳಿಗಳಂಥ ಸೀಮೆಗೆ ಇವಕ್ಕಿಂತ ಒಪ್ಪುವ ವಾಹನವು ಬೇರೊಂದಿರಲಿಲ್ಲ. ಆಷಾಢದ ಕೆಸರು, ಘಟ್ಟದ ಏರು, ಸೇತುವೆಯಿಲ್ಲದ ಹಳ್ಳ, ಇವೆಲ್ಲವನ್ನೂ ದಾಟಬೇಕಾದರೆ ನಾಲ್ಕು ಗಾಲಿಗಳಿಗೂ ಯಂತ್ರದ ಬಲವಿರಬೇಕು. ಕೊಡಚಾದ್ರಿಯ ನೆತ್ತಿಗೆ ಯಾತ್ರಿಕರನ್ನು ಒಯ್ಯುವುದು ಇಂದಿಗೂ ಜೀಪೇ ಅಲ್ಲವೆ?

ಈಗ ಆ ಮೊದಲ ಪೀಳಿಗೆಯ ಗಾಡಿಗಳಿಗೆ ಅಂತ್ಯಕಾಲವು ಬಂದಿದೆ. ಕೊಟ್ಟಿಗೆಯ ಮೂಲೆಯಲ್ಲಿ, ಸೌದೆಯ ರಾಶಿಯ ಹಿಂದೆ ತುಕ್ಕು ಹಿಡಿದು ಬಿದ್ದ ಕಬ್ಬಿಣವನ್ನು ಗುಜರಿಯವನು ತೂಕಕ್ಕೆ ಕೊಂಡುಹೋದರೆ, ಹೋದದ್ದು ಏನೆಂಬುದು ಮನೆಯವರಿಗೂ ತಿಳಿಯದು. ಗುರುತಿಸುವುದು ಕಷ್ಟವೇನಲ್ಲ. ಮುಂಭಾಗದಲ್ಲಿ ಚಾಸಿಯ ಎರಡು ತೊಲೆಗಳನ್ನು ಕೂಡಿಸುವ ಅಡ್ಡಪಟ್ಟಿಯು ದುಂಡನೆಯ ಕೊಳವೆಯಾಗಿದ್ದರೆ ಅದು ವಿಲ್ಲಿಸ್ ಕಾರಖಾನೆಯದು. ಬೋರಲು ಹಾಕಿದ ದೋಣಿಯಂತಿದ್ದರೆ ಫೋರ್ಡಿನದು. ಫೋರ್ಡಿನವರು ತಮ್ಮ ಬೋಲ್ಟುಗಳ ತಲೆಯ ಮೇಲೆಯೂ ‘ಎಫ್’ ಅಕ್ಷರವನ್ನು ಒತ್ತಿದ್ದರು. ಯುದ್ಧದ ಜೀಪಿನ ಮುಂದಣ ಜಾಲರಿಯಲ್ಲಿ ಸಾಮಾನ್ಯವಾಗಿ ಒಂಬತ್ತು ಸೀಳುಗಳು. ಅನಂತರದ ನಾಗರಿಕ ಜೀಪುಗಳಲ್ಲಿ ಏಳು. ಆದುದರಿಂದ, ಮುಂಬಯಿಯ ಮಹೀಂದ್ರಾ ಸಂಸ್ಥೆಯು ಸ್ವಾತಂತ್ರ್ಯಾನಂತರ ಜೋಡಿಸಿದ ಜೀಪನ್ನು ಯುದ್ಧದ್ದೆಂದು ಭ್ರಮಿಸುವುದೂ ಬೇಡ, ಯುದ್ಧದ್ದನ್ನು ಬರಿಯ ಹಳೆಯ ಜೀಪೆಂದು ಗುಜರಿಗೆ ಹಾಕುವುದೂ ಬೇಡ.

ಕೊಲ್ಲುವ ಕೆಲಸಕ್ಕೆ ಬಂದ ಯಂತ್ರಕ್ಕೆ ಇಷ್ಟು ಆದರವೇಕೆಂದು ಕೇಳುವವರುಂಟು. ನಾವು ಆದರಿಸಬೇಕೆನ್ನುವುದು ಯುದ್ಧವನ್ನಲ್ಲ. ಪರರು ಬಿಸುಟುದನ್ನು ನೆಟ್ಟಗೆ ನಿಲ್ಲಿಸಿದ ಕೈಗಳನ್ನು. ಇದಕ್ಕೆ ಕನ್ನಡನಾಡಿನಲ್ಲಿಯೇ ಉಜ್ವಲವಾದ ನಿದರ್ಶನವಿದೆ. ಮರಳಿ ಹಾರದಂತೆ ಕೆಡಿಸಿ ಕಾನಪುರದಲ್ಲಿ ಬಿಟ್ಟುಹೋದ ಲಿಬರೇಟರ್ ಬಾಂಬರು ವಿಮಾನಗಳಲ್ಲಿ ಸುಮಾರು 40ನ್ನು ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರಖಾನೆಯವರು 1948ರಿಂದ ಪುನರುಜ್ಜೀವನಗೊಳಿಸಿದರು. ಹಾರಲಾರವೆಂದು ಎಣಿಸಿದ್ದ ಆ ವಿಮಾನಗಳನ್ನು ಕಾನಪುರದಿಂದ ಹಾರಿಸಿಕೊಂಡೇ ಬೆಂಗಳೂರಿಗೆ ತಂದರು. ಅವು 1968ರ ವರೆಗೆ ನಮ್ಮ ವಾಯುಸೇನೆಯ ಸೇವೆ ಮಾಡಿದುವು. ಇಂದು ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿರುವ ಲಿಬರೇಟರ್ ಕೂಡ ನಾವು ಕೊಟ್ಟುದು. ಕಾರಖಾನೆಯವರು ವಿಮಾನಕ್ಕೆ ಮಾಡಿದುದನ್ನೇ ಮಲೆನಾಡಿನ ಮೇಸ್ತ್ರಿಯು ಜೀಪಿಗೆ ಮಾಡಿದನು. ಬಿಡಿಭಾಗ ದೊರೆಯದಾಗ ತಾನೇ ಕಡೆದು ಕೂರಿಸಿದನು. ಪೆಟ್ರೋಲಿನ ಖರ್ಚು ತಾಳಲಾರದಾದಾಗ ಡೀಸೆಲ್ ಯಂತ್ರವನ್ನು ಇಳಿಸಿದನು. ಅವನಿಲ್ಲದಿದ್ದರೆ ಆ ಗಾಡಿಗಳು ಎಂದೋ ಕರಗಿಹೋಗುತ್ತಿದ್ದುವು.

ಕೇಂದ್ರ ಸರಕಾರದ ನಿಯಮವು ಎಡವಿರುವುದು ಇಲ್ಲಿಯೇ. 2021ರಲ್ಲಿ ಜಾರಿಗೆ ಬಂದ ತಿದ್ದುಪಡಿಯು 50 ವರ್ಷ ಮೀರಿದ ವಾಹನಗಳಿಗೆ ‘ವಿಎ’ ಎಂಬ ಪ್ರತ್ಯೇಕ ನೋಂದಣಿಯನ್ನು ಕಲ್ಪಿಸಿತು. ಇದು ಸ್ತುತ್ಯವೇ ಸರಿ. ಆದರೆ ವಾಹನವು ಮೂಲಸ್ವರೂಪದಲ್ಲಿಯೇ ಇರಬೇಕು, ಚಾಸಿ, ಮೈ, ಯಂತ್ರಗಳು ಬದಲಾಗಿರಬಾರದು ಎಂಬುದು ಅದರ ಕಟ್ಟಳೆ. ಹೊಸ ನೋಂದಣಿಗೆ ಶುಲ್ಕವು 20,000 ರೂಪಾಯಿ. ನಿತ್ಯದ ಓಡಾಟಕ್ಕೆ ಅನುಮತಿಯಿಲ್ಲ. ಶ್ರೀಮಂತರ ಗಾಜಿನ ಮನೆಯಲ್ಲಿ ಮೈ ನೋಯಿಸದೆ ನಿಂತ ಕಾರಿಗೆ ಈ ಮರ್ಯಾದೆಯು ಲಭಿಸುವುದು. ಎಪ್ಪತ್ತು ಮಳೆಗಾಲ ದುಡಿದು ಎದೆಯ ಯಂತ್ರವನ್ನೇ ಬದಲಿಸಿಕೊಂಡ ಜೀಪಿಗೆ ಲಭಿಸದು. ದುಡಿದುದೇ ಅದರ ಅಪರಾಧವೆ?

ಅಪಾಯಕರವಾದ ಗಾಡಿಗಳು ರಸ್ತೆಯ ಮೇಲೆ ಓಡಲೆಂದು ನಾವು ವಾದಿಸುತ್ತಿಲ್ಲ. ಬ್ರೇಕು ಹಿಡಿಯದ ಗಾಡಿಗೆ ಇತಿಹಾಸವು ರಹದಾರಿಯಾಗಲಾರದು. ನಾವು ಕೇಳುವುದು ಮೂರೇ ಮಾತು. ಮೊದಲನೆಯದು, ಈ ಮೂರು ತಾಲೂಕುಗಳಲ್ಲಿ ಉಳಿದಿರುವ ಯುದ್ಧಕಾಲದ ವಾಹನಗಳನ್ನು ಚಾಸಿಯ ಸಂಖ್ಯೆಸಹಿತ ಪಟ್ಟಿಮಾಡತಕ್ಕದ್ದು. ಎರಡನೆಯದು, ಗುಜರಿಗೆ ಹೋಗುವ ಮೊದಲು ಅವುಗಳಲ್ಲಿ ಒಂದನ್ನಾದರೂ ಯೋಗ್ಯ ಬೆಲೆಗೆ ಕೊಂಡು ಶಿವಮೊಗ್ಗೆಯ ಸರಕಾರಿ ವಸ್ತುಸಂಗ್ರಹಾಲಯದಲ್ಲಿರಿಸಿ, ಬದಲಾದ ಯಂತ್ರದ ಕಥೆಯನ್ನೂ ಪಕ್ಕದಲ್ಲಿ ಬರೆಯಿಸತಕ್ಕದ್ದು. ಮೂರನೆಯದು, ದುಡಿಮೆಗಾಗಿ ಮಾರ್ಪಟ್ಟ ಹಳೆಯ ವಾಹನಗಳಿಗೆ ನಿಯಮದಲ್ಲಿ ಪ್ರತ್ಯೇಕ ವರ್ಗವನ್ನೂ ಅಲ್ಪಶುಲ್ಕವನ್ನೂ ವಿಧಿಸತಕ್ಕದ್ದು.

ಸರಕಾರವು ಏಳುವವರೆಗೆ ಕಾಯಬೇಕಾದುದೂ ಇಲ್ಲ. ಮನೆಯ ಹಿರಿಯರನ್ನು ಕೇಳಿ, ಗಾಡಿಯು ಎಲ್ಲಿಂದ, ಯಾವಾಗ, ಎಷ್ಟಕ್ಕೆ ಬಂದಿತೆಂಬುದನ್ನು ಇಂದೇ ಬರೆದಿಡಿರಿ. ಕಬ್ಬಿಣವು ತುಕ್ಕು ಹಿಡಿಯುವುದಕ್ಕೆ ವರ್ಷಗಳು ಬೇಕು. ನೆನಪು ಅಳಿಯುವುದಕ್ಕೆ ಒಂದು ಸಾವು ಸಾಕು.